ಹೊಸ ತುಂಡು ಬೇಡ ಎಂದವರು

ಸಿಂಧನೂರಿನಲ್ಲಿ ನಮ್ಮದು ಅಪ್ಪನ ಕಾಲದ ಟೇಲರ್ ಅಂಗಡಿ. ಕತ್ತರಿಸಿ ಉಳಿದ ಬಟ್ಟೆ ತುಂಡುಗಳನ್ನು ನಾವು ಕಸಕ್ಕೆ ಹಾಕಿದವರೇ ಅಲ್ಲ. ಗೋಣಿಚೀಲದಲ್ಲಿ ತುಂಬಿಟ್ಟರೆ ಕೌದಿ ಹೊಲಿಯುವ ಹೆಂಗಸರು ಬಂದು ಒಯ್ಯುತ್ತಿದ್ದರು. ಕೆಲವರು ಎಂಟಾಣೆ ಕೊಡುತ್ತಿದ್ದರು, ಕೆಲವರು ಸುಗ್ಗಿಯಲ್ಲಿ ಒಂದು ಸೇರು ಜೋಳ ತಂದು ಸುರಿಯುತ್ತಿದ್ದರು. ಆ ಚೀಲ ಬೇಡವೆಂದವರು ಬಂಗಾಲಿ ಕ್ಯಾಂಪಿನ ಹೆಂಗಸರು ಮಾತ್ರ.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ನಮ್ಮ ತಾಲ್ಲೂಕಿನಲ್ಲಿ ಆಂಧ್ರದ ರೈತರ ಕ್ಯಾಂಪುಗಳು ಎದ್ದವು. ಅವರು ಗದ್ದೆ ಮಾಡಲೆಂದು ತಾವಾಗಿ ಬಂದವರು. 1970ರ ದಶಕದ ಆರಂಭದಲ್ಲಿ ಬಂದವರ ಕಥೆ ಬೇರೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಹಿಂದೂ ಕುಟುಂಬಗಳನ್ನೂ ಬರ್ಮಾದಿಂದ ಬಂದ ಕೆಲವು ಕುಟುಂಬಗಳನ್ನೂ ಸರ್ಕಾರ ಇಲ್ಲಿಗೆ ತಂದು, ಜಮೀನು ಕೊಟ್ಟು ಕೂರಿಸಿತು. ಅವು ಪುನರ್ವಸತಿ ಕ್ಯಾಂಪುಗಳು. ಜನರ ಬಾಯಲ್ಲಿ ಆರ್‌.ಎಚ್‌. ಒಂದು, ಆರ್‌.ಎಚ್‌. ಎರಡು, ಹೀಗೆ ಐದು. ಹೊಳೆ, ಕೆರೆ, ಮೀನು ನೋಡಿ ಬೆಳೆದವರ ಪಾಲಿಗೆ ಬಂದದ್ದು ಎರೆಭೂಮಿ ಮತ್ತು ರಾಯಚೂರು ಸೀಮೆಯ ಬಿಸಿಲು.

ಕ್ಯಾಂಪಿನ ಒಬ್ಬ ಬಸುರಿ ಹೆಂಗಸು ಅಂಗಡಿಯ ಮುಂದೆ ನಿಂತಿದ್ದು ನೆನಪಿದೆ. ಅಪ್ಪ ಎಂದಿನಂತೆ ಚೀಲ ಮುಂದಿಟ್ಟರು. ಅವಳು ತಲೆಯಾಡಿಸಿದಳು.

“ಬ್ಯಾಡ ದಾದಾ. ಹಳೇ ಧೋತ್ರ ಇದ್ರ ಕೊಡ್ರಿ.”

“ಅಲ್ಲವಾ, ಪುಕ್ಕಟೆ ಹೊಸಾ ಬಟ್ಟಿ ಕೊಟ್ರ ಹಳೇದು ಕೇಳ್ತಿಯಲ್ಲ!”

“ಹೊಸಾದು ಕೂಸಿಗಿ ಚುಚ್ತದ.”

ಅಪ್ಪ ಮರುಮಾತಾಡದೆ ಮನೆಗೆ ಹೋಗಿ ಅಜ್ಜನ ಎರಡು ಧೋತರ ತಂದುಕೊಟ್ಟರು. ಬಟ್ಟೆಯ ಕೆಲಸದವನಿಗೆ ಆ ಒಂದು ಮಾತು ಸಾಕಾಗಿತ್ತು. ನೂರು ಸಲ ಒಗೆದ ಹತ್ತಿ ಬಟ್ಟೆಯಲ್ಲಿ ಗಂಜಿಯ ಬಿಗಿ ಇರುವುದಿಲ್ಲ, ಬೆವರು ಬೇಗ ಹೀರುತ್ತದೆ, ಎಳೆ ಚರ್ಮಕ್ಕೆ ಹಿತ.

ಅವಳು ಹೊಲಿಯಲಿದ್ದದ್ದು ಕಾಂಥಾ. ಹಳೆ ಸೀರೆ, ಧೋತರಗಳನ್ನು ಇಡಿಯಾಗಿ ಒಂದರ ಮೇಲೊಂದು ಹಾಸಿ, ಸುಕ್ಕು ತೆಗೆದು, ಅಂಚು ಹಿಡಿದು, ಉದ್ದಕ್ಕೂ ಸಣ್ಣ ಓಟಹೊಲಿಗೆ ಹಾಕುವುದು ಬಂಗಾಲದ ರೀತಿ. ಬಣ್ಣದ ದಾರಕ್ಕೂ ಹಿಂದೆ ಅಂಗಡಿಗೆ ಹೋಗುತ್ತಿರಲಿಲ್ಲ. ಸೀರೆಯ ಅಂಚಿನಿಂದಲೇ ಕೆಂಪು, ನೀಲಿ, ಕಪ್ಪು ಎಳೆ ಬಿಡಿಸಿಕೊಳ್ಳುತ್ತಿದ್ದರು. ಚಳಿಗೆ ಹೊದೆಯುವ ದಪ್ಪನೆಯದು ಲೇಪ್. ಕನ್ನಡಿ ಸುತ್ತಿಡಲು, ಪುಸ್ತಕ ಕಟ್ಟಿಡಲು, ದಿಂಬಿಗೆ ಹಾಕಲು ಬೇರೆ ಬೇರೆ ಅಳತೆಯವು. ಐ.ಸಿ.ಎಸ್‌. ಅಧಿಕಾರಿಯಾಗಿದ್ದ ಗುರುಸದಯ್ ದತ್ತ ಬಂಗಾಲದ ಹಳ್ಳಿಗಳಿಂದ ಕಾಂಥಾಗಳನ್ನು ಸಂಗ್ರಹಿಸಿದರು. ಅವು ಈಗ ಕೋಲ್ಕತ್ತಾ ಬಳಿಯ ಜೋಕಾದಲ್ಲಿ ಅವರ ಹೆಸರಿನ ಮ್ಯೂಸಿಯಮ್ಮಿನಲ್ಲಿವೆ. ಮ್ಯೂಸಿಯಮ್ಮಿನ ಗಾಜಿನ ಹಿಂದೆ ಇಟ್ಟದ್ದನ್ನು ಎಲ್ಲರೂ ಕಲೆ ಎನ್ನುತ್ತಾರೆ. ನಮ್ಮ ಕ್ಯಾಂಪಿನ ಬೇಲಿಯ ಮೇಲೆ ಒಣಗುತ್ತಿದ್ದಾಗ ಅದನ್ನು ಬಡತನ ಎಂದವರೇ ಹೆಚ್ಚು.

ನಮ್ಮ ಕೌದಿಯ ಗತಿಯೂ ಅದೇ. ಇಳಕಲ್ ಸೀರೆಯ ಒಡಲು, ಸವೆದ ಖಣದ ಚೂರು, ಅಂಗಿಯ ಬೆನ್ನು, ಎಲ್ಲವನ್ನೂ ಚೌಕ, ಮೂಲೆ ಮಾಡಿ ಜೋಡಿಸುವುದು ನಮ್ಮವರ ರೀತಿ. ಕಾಂಥಾದಲ್ಲಿ ಚಿತ್ರ ಬಿಡಿಸುವುದು ದಾರ, ಕೌದಿಯಲ್ಲಿ ತುಂಡು. ಅದಕ್ಕೇ ನಮ್ಮ ಚೀಲ ಇವರಿಗೆ ಚಿನ್ನ, ಅವರಿಗೆ ಕಸ. ಮನೆಯಲ್ಲಿ ಹೊಲಿಯುವವರು ಇಲ್ಲದಿದ್ದರೆ ಗೊಂದಳಿ ಹೆಂಗಸರು ಬಂದು ಕೂಲಿಗೆ ಹೊಲಿದುಕೊಡುತ್ತಿದ್ದರು. ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿಯರದು ಇನ್ನೊಂದು ಪದ್ಧತಿ: ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಅವರ ಹಿರಿಯರಲ್ಲಿ ಅನೇಕರು ಗೋವಾದ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಅವರೂ ಒಂದು ಕಾಲಕ್ಕೆ ನಿರಾಶ್ರಿತರೇ.

ಬಿಸಾಕದೆ ಬಳಸುತ್ತಿದ್ದದ್ದು ಬಟ್ಟೆಯನ್ನಷ್ಟೇ ಅಲ್ಲ. ಸೋರೆಕಾಯಿಯ ಸಿಪ್ಪೆ ಪಲ್ಯವಾಗುತ್ತದೆಂದು, ಮೀನಿನ ತಲೆ, ಮುಳ್ಳು ಸೊಪ್ಪಿನ ಜೊತೆ ಬೇಯುತ್ತದೆಂದು ನನಗೆ ಗೊತ್ತಾದದ್ದು ಕ್ಯಾಂಪಿನ ಅಡುಗೆಮನೆಗಳಿಂದ. ನಮ್ಮ ಮನೆಯಲ್ಲಿ ಹೀರೇಕಾಯಿ ಸಿಪ್ಪೆಯ ಚಟ್ನಿ ಇತ್ತಲ್ಲ, ಹಾಗಾಗಿ ನನ್ನವ್ವನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಕೌದಿ, ಕಾಂಥಾ ಹೊಲಿಯುವುದು ಕಡಿಮೆಯಾದದ್ದು ಜನ ಸಿರಿವಂತರಾದ್ದರಿಂದ ಅಲ್ಲ, ಬಟ್ಟೆಯೇ ಬದಲಾದ್ದರಿಂದ. ಪಾಲಿಯೆಸ್ಟರ್ ಸೀರೆ ಹಳೆಯದಾದರೂ ಮೆತ್ತಗಾಗದು, ನೀರು ಹೀರದು. ಅದರಿಂದ ಕೂಸಿಗೆ ಹಾಸಲಾಗುವಂಥದ್ದು ಏನೂ ಹುಟ್ಟದು. ಅಷ್ಟರಲ್ಲಿ ಓಣಿ ಓಣಿಗೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತವರು ಬಂದರು. ನಾಲ್ಕು ಹಳೆ ಸೀರೆ ಹಾಕಿದರೆ ಒಂದು ಡಬರಿ. ಕೌದಿಗೆಂದು ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದೆಲ್ಲ ಪಾತ್ರೆಯಾಗಿ ಅಡುಗೆಮನೆ ಸೇರಿತು. ಮಹಾನವಮಿಗೆ ಮೊದಲು ಕಾಲುವೆಯಲ್ಲಿ ಕೌದಿ ತುಳಿದು ತೊಳೆಯುವವರು ಈಗ ಬೆರಳೆಣಿಕೆ.

ಆ ಜಾಗಕ್ಕೆ ಬಂದದ್ದು ಪಾಣಿಪತ್ತಿನ ಅಗ್ಗದ ಕಂಬಳಿ. ಅದರ ಹಿಂದೆಯೂ ನಿರಾಶ್ರಿತರ ಇತಿಹಾಸವೇ ಇದೆ. 1947ರಲ್ಲಿ ಆ ಊರಿನ ಮುಸ್ಲಿಂ ನೇಕಾರರು ಪಾಕಿಸ್ತಾನಕ್ಕೆ ಹೋದರು; ಪಶ್ಚಿಮ ಪಂಜಾಬಿನಿಂದ ಓಡಿಬಂದ ನೇಕಾರರು ಅಲ್ಲಿ ಮಗ್ಗ ಹೂಡಿದರು. ಮುಂದೆ ಶ್ರೀಮಂತ ದೇಶಗಳು ಬಿಸಾಕಿದ ಉಣ್ಣೆ ಬಟ್ಟೆಯನ್ನು ಸಿಗಿದು ನೂಲು ತೆಗೆಯುವ ಕಾರ್ಖಾನೆಗಳು ಬಂದವು. ನೆರೆ, ಭೂಕಂಪ, ಯುದ್ಧಗಳಲ್ಲಿ ಮನೆ ಕಳೆದುಕೊಂಡವರಿಗೆ ಜಗತ್ತಿನಾದ್ಯಂತ ಹಂಚುವ ಕಂಬಳಿಗಳಲ್ಲಿ ಎಷ್ಟೋ ಅಲ್ಲಿಯವೇ. ಚಿಂದಿಯಿಂದ ಹೊದಿಕೆ ಮಾಡುವ ಕೆಲಸ ನಿಂತಿಲ್ಲ. ಹೆಂಗಸರ ಕೈಯಿಂದ ಯಂತ್ರಕ್ಕೆ ಹೋಗಿದೆ, ಅಷ್ಟೇ. ಆದರೆ ಆ ಕಂಬಳಿ ಬಲು ಚುಚ್ಚುತ್ತದೆ. ಕ್ಯಾಂಪಿನ ಆ ಹೆಂಗಸು ಅದನ್ನು ಮುಟ್ಟಿ ನೋಡಿದ್ದರೆ ಖಂಡಿತ ಬೇಡವೆನ್ನುತ್ತಿದ್ದಳು.

ನಿಮ್ಮ ಮನೆಯಲ್ಲಿ ಅಜ್ಜಿಯ ಹತ್ತಿ ಸೀರೆ ಉಳಿದಿದ್ದರೆ ದಯವಿಟ್ಟು ಡಬರಿಗೆ ಹಾಕಬೇಡಿ. ಹೊಲಿಯುವವರು ನಮ್ಮ ಕಡೆ ಇನ್ನೂ ಇದ್ದಾರೆ, ಕ್ಯಾಂಪಿನಲ್ಲೂ ಊರಲ್ಲೂ. ಕೊಟ್ಟು ಹೊಲಿಸಿ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.