ಸಾಕೆಟ್ ಹೊಂದಿದರೆ ಸಾಲದು

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರ್ ನೆಲೆಯೂರಿದ್ದು ‘ಭೂಮಿ’ ಯೋಜನೆಯ ಕಾಲಕ್ಕೆ. 2000ದ ದಶಕದ ಆರಂಭದಲ್ಲಿ ಕೈಬರಹದ ಪಹಣಿ ಹಿಂದೆ ಸರಿದು, 15 ರೂಪಾಯಿಗೆ ಮುದ್ರಿತ ಪಹಣಿ ರೈತರ ಕೈಗೆ ಬಂತು. ಅದೇ ಹೊತ್ತಿಗೆ ‘ಮಾಹಿತಿ ಸಿಂಧು’ ಯೋಜನೆ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. ಪ್ರೊಸೆಸರಿನ ವಿದ್ಯುತ್ ಲೆಕ್ಕಾಚಾರ ಬುಡಮೇಲಾಗುತ್ತಿದ್ದ ವರ್ಷಗಳೂ ಅವೇ. ಹಾಗಾಗಿ ಆ ಕಾಲದ ಯಂತ್ರವನ್ನು ಬಿಚ್ಚಿದವರಿಗೆ ಮೊದಲು ಏಳುವ ಪ್ರಶ್ನೆ, ಈ ಬೋರ್ಡಿಗೆ ಆ ಪ್ರೊಸೆಸರ್ ನಡೆಯುತ್ತದೆಯೇ ಎಂಬುದು.

1978ರ 8086ರಿಂದ ಮೊದಲ 486ರವರೆಗೆ ಈ ತಲೆನೋವು ಇರಲಿಲ್ಲ. ಎಲ್ಲಕ್ಕೂ 5 ವೋಲ್ಟ್. ಎಸ್‌ಎಂಪಿಎಸ್‌ನಿಂದ (ವಿದ್ಯುತ್ ಪೂರೈಕೆಯ ಡಬ್ಬಿಯಿಂದ) ಬಂದ ವಿದ್ಯುತ್ ನೇರ ಪ್ರೊಸೆಸರಿಗೆ. 1993ರಲ್ಲಿ ಬಂದ 66 ಮೆಗಾಹರ್ಟ್ಸ್ ಪೆಂಟಿಯಂ ಅದೇ 5 ವೋಲ್ಟಿನಲ್ಲಿ ಸುಮಾರು 16 ವಾಟ್ ಎಳೆದು ಬಿಸಿಯೇರಿತು. ಚಿಪ್ಪು ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 5ರಿಂದ 3.3ಕ್ಕೆ ಇಳಿಸಿದರೆ ಬಳಕೆ ಅರ್ಧಕ್ಕಿಂತ ಕಡಿಮೆ. ಮರುವರ್ಷದ ಪೆಂಟಿಯಂಗಳು 3.3 ವೋಲ್ಟಿಗೆ ಇಳಿದವು. ಜತೆಗೆ ಸಾಕೆಟ್ಟೂ ಬದಲಾಗಿ, ಒಂದೇ ವರ್ಷ ಹಳೆಯದಾದ ಬೋರ್ಡುಗಳು ಅನಾಥವಾದವು.

ನಿಜವಾದ ಗೊಂದಲ ಶುರುವಾದದ್ದು 1997ರಲ್ಲಿ. ಪೆಂಟಿಯಂ ಎಂಎಂಎಕ್ಸ್ ಒಳಗಿನ ಭಾಗಕ್ಕೆ 2.8 ವೋಲ್ಟ್, ಹೊರ ಸಂಪರ್ಕಕ್ಕೆ 3.3 ವೋಲ್ಟ್ ಬೇಡಿತು. ‘ಸಾಕೆಟ್ 7’ ಅದೇ, ಪಿನ್ನುಗಳೂ ಕೂರುತ್ತವೆ. ಆದರೆ ಒಂದೇ ವೋಲ್ಟೇಜ್ ಕೊಡುವ ಬೋರ್ಡಿನಲ್ಲಿ ಅದು ಅಳತೆಮೀರಿ ಕಾಯುತ್ತಿತ್ತು. ಎಎಂಡಿಯ ಕೆ6ಗೆ 2.9 ಅಥವಾ 3.2, ಕೆ6-2ಗೆ 2.2. ಬೋರ್ಡಿನ ಮೂಲೆಯ ಪುಟ್ಟ ಜಂಪರನ್ನು ಒಂದು ಪಿನ್ ಪಕ್ಕಕ್ಕೆ ಸಿಕ್ಕಿಸಿದರೂ ಪ್ರೊಸೆಸರ್ ಸುಡಬಹುದಿತ್ತು. ಆ ಜಂಪರ್ ಪಟ್ಟಿ ಇದ್ದ ಕೈಪಿಡಿಯ ಹಾಳೆಯೇ ಇಂದು ಚಿಪ್ಪಿಗಿಂತ ಅಪರೂಪ. ಹಳೆ ಯಂತ್ರ ಇಟ್ಟುಕೊಂಡವರು ಮೊದಲು ಕಾಪಾಡಬೇಕಾದದ್ದು ಅದನ್ನು.

ಪೆಂಟಿಯಂ ಪ್ರೊ, ಪೆಂಟಿಯಂ 2 ಬಂದ ಮೇಲೆ ತನಗೆ ಬೇಕಾದ ವೋಲ್ಟೇಜನ್ನು ಪ್ರೊಸೆಸರೇ ಕೆಲವು ಪಿನ್ನುಗಳ ಮೂಲಕ ಬೋರ್ಡಿಗೆ ತಿಳಿಸತೊಡಗಿತು. ಜಂಪರಿನ ಕಾಟ ತಪ್ಪಿತು, ತೊಡಕು ತಪ್ಪಲಿಲ್ಲ. 2001ರ ‘ಟುಅಲಾಟಿನ್’ ಪೆಂಟಿಯಂ 3 ಹಳೆಯ ‘ಸಾಕೆಟ್ 370’ರಲ್ಲೇ ಕೂರುತ್ತಿತ್ತು, ಕೇಳಿದ್ದು ಮಾತ್ರ 1.5 ವೋಲ್ಟಿಗಿಂತ ಕಡಿಮೆ. ಸಂಕೇತಗಳ ಮಟ್ಟವೂ ಬೇರೆ. ಚೆನ್ನಾಗಿದ್ದ ಎಷ್ಟೋ ಬೋರ್ಡುಗಳು ಇದರಿಂದ ಮೂಲೆ ಸೇರಿದವು. ಹೊಸ ಬೋರ್ಡಿಗೆ ಅನುದಾನ ಕಾಯುವ ಶಾಲೆ, ಕಚೇರಿಗಳಂಥ ಬಳಕೆದಾರರ ಪಾಲಿಗೆ ಇದು ಅನ್ಯಾಯವೇ ಆಗಿತ್ತೆಂದು ನನ್ನ ಅಭಿಪ್ರಾಯ.

ವೋಲ್ಟೇಜ್ ಇಳಿದಷ್ಟೂ ಆಂಪಿಯರ್ ಏರಿತು. 1993ರ ಪೆಂಟಿಯಂಗೆ ಸುಮಾರು 3 ಆಂಪಿಯರ್ ಸಾಕಿತ್ತು. 2004ರ ‘ಪ್ರೆಸ್ಕಾಟ್’ ಪೆಂಟಿಯಂ 4ರ ವೇಗದ ಮಾದರಿಗಳಿಗೆ 115 ವಾಟ್ ಬೇಕು, ಅದೂ 1.4 ವೋಲ್ಟಿನ ಆಸುಪಾಸಿನಲ್ಲಿ. ಅಂದರೆ 80 ಆಂಪಿಯರಿಗೂ ಹೆಚ್ಚು. ಹೀಗೆ ಏರುತ್ತಿದ್ದ ಬೇಡಿಕೆಗೆಂದೇ ಮೊದಲ ಪೆಂಟಿಯಂ 4ರ ಕಾಲಕ್ಕೇ ಬೋರ್ಡಿಗೆ 12 ವೋಲ್ಟಿನ ಪ್ರತ್ಯೇಕ ನಾಲ್ಕು ಪಿನ್ನಿನ ಕನೆಕ್ಟರ್ ಬಂದಿತ್ತು. ಪ್ರೊಸೆಸರಿನ ಸುತ್ತ ಸಾಲುಗಟ್ಟಿದ ಕೆಪಾಸಿಟರುಗಳ ಮೇಲೆ ಹೊರೆ ಬಿತ್ತು. ಆ ವರ್ಷಗಳಲ್ಲೇ ಕಳಪೆ ದ್ರಾವಣದ ಕೆಪಾಸಿಟರುಗಳು ಜಗತ್ತಿನಾದ್ಯಂತ ಊದಿ, ಸೋರಿ, ಬೋರ್ಡುಗಳನ್ನು ಕೆಡಿಸಿದವು.

2006ರ ಕೋರ್ 2 ಡ್ಯುಯೊ 65 ವಾಟಿಗೆ ಇಳಿಯಿತು. ಸಾಕೆಟ್ ಪ್ರೆಸ್ಕಾಟಿನದೇ, ‘775’. ಹಾಗಿದ್ದೂ 2004ರ ಬಹುತೇಕ ಬೋರ್ಡುಗಳಲ್ಲಿ ಅದು ಏಳುವುದಿಲ್ಲ. ವೋಲ್ಟೇಜ್ ನಿಯಂತ್ರಣ, ಚಿಪ್‌ಸೆಟ್, ಬಯೋಸ್ ಮೂರೂ ಒಪ್ಪಬೇಕು. ಬೋರ್ಡಿನ ಮೇಲೆ ಅಚ್ಚಾದ ರಿವಿಷನ್ ಸಂಖ್ಯೆ ನೋಡದೆ ಪ್ರೊಸೆಸರ್ ಕೊಳ್ಳಬಾರದು. ಬೋರ್ಡು ಒಪ್ಪುವಲ್ಲಿ ಪ್ರೆಸ್ಕಾಟ್ ತೆಗೆದು ಕೋರ್ 2 ಡ್ಯುಯೊ ಹಾಕುವುದು ಲಾಭದ್ದೇ: ಕರೆಂಟ್ ಹೋದಾಗ ಯುಪಿಎಸ್ ಹೆಚ್ಚು ಹೊತ್ತು ತಡೆಯುತ್ತದೆ.

ಎಸ್‌ಎಂಪಿಎಸ್ ಬದಲಿಸುವಾಗಲೂ ಎಚ್ಚರ ಬೇಕು. ನಾಲ್ಕು ಪಿನ್ನಿನ ಕನೆಕ್ಟರ್ ಇಲ್ಲದ, ಎಎಂಡಿಯ ಅಥ್ಲಾನ್ ಪ್ರೊಸೆಸರ್ ಕಾಲದ ಬೋರ್ಡುಗಳು ಪ್ರೊಸೆಸರಿಗೆ ವಿದ್ಯುತ್ ಪಡೆಯುವುದು 5 ವೋಲ್ಟಿನ ತಂತಿಯಿಂದ. ಇಂದಿನ ಎಸ್‌ಎಂಪಿಎಸ್‌ಗಳ ಬಲವೆಲ್ಲ 12 ವೋಲ್ಟಿನ ಕಡೆಗಿದೆ. ಡಬ್ಬಿಯ ಮೇಲೆ 450 ವಾಟ್ ಎಂದಿದ್ದರೂ, ಪಕ್ಕದ ಚೀಟಿಯಲ್ಲಿ 5 ವೋಲ್ಟಿನ ಎದುರು ಎಷ್ಟು ಆಂಪಿಯರ್ ಬರೆದಿದೆ ಎಂಬುದನ್ನು ಓದಿಯೇ ಜೋಡಿಸಬೇಕು.