‘ಕ್ಯಾವರ್ನಸ್’ ಎಂಬ ವಿಶೇಷಣದ ಅರ್ಥವಿಚಾರ

ಆಂಗ್ಲ ಗ್ರಂಥಗಳಲ್ಲಿ ‘ಕ್ಯಾವರ್ನಸ್’ ಎಂಬ ವಿಶೇಷಣವು ಬಂದೆಡೆಯಲ್ಲೆಲ್ಲ ಅದನ್ನು ‘ಗುಹೆಯಂತಹ’ ಎಂದು ಕನ್ನಡಿಸುವುದು ವಾಡಿಕೆಯಾಗಿದೆ. ವಿಶಾಲವಾದ ಸಭಾಮಂದಿರವನ್ನೋ ಗುಳಿಬಿದ್ದ ಕಣ್ಣುಗಳನ್ನೋ ಕುರಿತ ಮಾತಾದರೆ ಇದು ಸರಿಯೇ. ಆದರೆ ಹಳೆಯ ವೈದ್ಯಗ್ರಂಥಗಳನ್ನು ಚರಿತ್ರೆಯ ಆಕರಗಳೆಂದು ಓದುವವರು ಈ ಒಂದೇ ಅರ್ಥವನ್ನು ನೆಚ್ಚಿದರೆ ಲೇಖಕನ ಅಭಿಪ್ರಾಯವೇ ತಲೆಕೆಳಗಾಗುವ ಸಂಭವವುಂಟು.

ಪದದ ಮೂಲ ಲ್ಯಾಟಿನ್. ‘ಕಾವುಸ್’ ಎಂದರೆ ಟೊಳ್ಳಾದುದು. ಅದರಿಂದ ಗುಹೆಯೆಂಬ ಅರ್ಥದ ‘ಕಾವೆರ್ನ’. ಅದಕ್ಕೆ ‘ಓಸುಸ್’ ಪ್ರತ್ಯಯ ಸೇರಿ ‘ಕಾವೆರ್ನೋಸುಸ್’. (ಈ ‘ಕಾವುಸ್’ ಮತ್ತು ನಮ್ಮ ‘ಶೂನ್ಯ’ ಎರಡಕ್ಕೂ ‘ಉಬ್ಬು’ ಎಂಬರ್ಥದ ಒಂದೇ ಪ್ರಾಚೀನ ಧಾತುವೇ ಮೂಲವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಉಬ್ಬಿದುದರ ಒಳಗು ಬರಿದಷ್ಟೆ!) ಇಲ್ಲಿ ಮುಖ್ಯವಾದುದು ಪ್ರತ್ಯಯ. ಅದು ಸೂಚಿಸುವುದು ಸಾದೃಶ್ಯವನ್ನಲ್ಲ, ಸಮೃದ್ಧಿಯನ್ನು. ಸಂಸ್ಕೃತದ ‘ಮಯ’ದ ಹಾಗೆ. ಆದುದರಿಂದ ಪದದ ಮೊದಲ ಅರ್ಥ ‘ಕುಹರಮಯ’, ಎಂದರೆ ಒಳಗೆಲ್ಲ ಪೊಳ್ಳುಗಳಿಂದ ತುಂಬಿದುದು. ಸುಮಾರು 1400ರ ವೇಳೆಗೆ ಇಂಗ್ಲಿಷು ಇದನ್ನು ಸ್ವೀಕರಿಸಿದುದು ಈ ಅರ್ಥದಲ್ಲಿಯೇ.

ಅಂಗರಚನಾಶಾಸ್ತ್ರವು ಈ ಅರ್ಥವನ್ನು ಬಹುಕಾಲ ಕಾಪಾಡಿತು. ಡೆನ್ಮಾರ್ಕಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲಸಿದ ವಿನ್ಸ್ಲೋ ಎಂಬ ಪಂಡಿತನು 18ನೆಯ ಶತಮಾನದಲ್ಲಿ ತಲೆಬುರುಡೆಯ ತಳದಲ್ಲಿರುವ, ಮಲಿನರಕ್ತ ಹರಿಯುವ ಒಂದು ಎಡೆಗೆ ‘ಕ್ಯಾವರ್ನಸ್ ಸೈನಸ್’ ಎಂದು ಹೆಸರಿಟ್ಟನು. ಅದು ಗುಹೆಯಷ್ಟು ದೊಡ್ಡದೆಂದಲ್ಲ. ನಡುವೆ ಅಡ್ಡಡ್ಡವಾಗಿ ಹಾಯ್ದ ಎಳೆಗಳಿಂದ ಅದು ಸ್ಪಂಜಿನಂತೆ ಕಂಡಿತೆಂದು.

ಅರ್ಥದ ಇನ್ನೊಂದು ಕವಲು ಲಾಯೆನೆಕ್ಕನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1816ರಲ್ಲಿ ಸ್ಟೆತೊಸ್ಕೋಪನ್ನು ನಿರ್ಮಿಸಿದ ಈ ಫ್ರೆಂಚ್ ವೈದ್ಯನು ತನ್ನ ಗ್ರಂಥದಲ್ಲಿ, ಕ್ಷಯರೋಗದಿಂದ ಶ್ವಾಸಕೋಶದಲ್ಲಿ ಉಂಟಾದ ಕುಳಿಗಳಿಂದ ಕೇಳಿಬರುವ ಶಬ್ದಕ್ಕೆ ಈ ವಿಶೇಷಣವನ್ನು ಬಳಸಿದನು. ಇಲ್ಲಿ ಅನೇಕ ರಂಧ್ರಗಳ ಭಾವವಿಲ್ಲ. ಕುಳಿಯೊಂದು ಇದೆಯೆಂಬುದಕ್ಕೆ ಕಿವಿಗೆ ದೊರೆತ ಸಾಕ್ಷ್ಯವಿದೆ. ಕಣ್ಣಿನ ಪದವು ಕಿವಿಯ ಪದವಾಯಿತು. ಆತನೂ 1826ರಲ್ಲಿ ಕ್ಷಯದಿಂದಲೇ ಮಡಿದನು. ಕಾದಂಬರಿಗಳಲ್ಲಿ ಬರುವ ‘ಕ್ಯಾವರ್ನಸ್’ ಕಂಠಕ್ಕೆ ಆಸ್ಪತ್ರೆಯ ಈ ಪ್ರಯೋಗವೊಂದೇ ಕಾರಣವೆಂದು ನಾವು ಹೇಳಲಾರೆವು. ಗುಹೆಯಲ್ಲಿ ದನಿ ಮೊಳಗುವುದನ್ನು ಅರಿಯಲು ವೈದ್ಯನೇ ಬೇಕಿಲ್ಲ.

ಆದುದರಿಂದ ವಿನ್ಸ್ಲೋನ ಪರಂಪರೆಯ ಬರೆಹಗಳಲ್ಲಿ ‘ಕುಹರಮಯ’ ಎಂದೂ, ಲಾಯೆನೆಕ್ಕನ ಶಬ್ದವಿವರಣೆಯಲ್ಲಿ ‘ಕುಹರಜನ್ಯ’ ಎಂದೂ ಭಾಷಾಂತರಿಸುವುದು ಯುಕ್ತವೆಂದು ನಮ್ಮ ಮತ. ‘ಗುಹೆಯಂತಹ’ ಎಂಬುದು ಸಭಾಮಂದಿರಕ್ಕೆ ಇರಲಿ.