ಐಸ್ಲೆಂಡಿನ ಅಲ್ಪಾಯುಷಿಗಳು

ಅಲ್ಪಾಯುಸ್ಸು ಹಣೆಯ ಬರಹವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ವಂಶದ ಬರಹವೆಂದು ಈಗಿನ ವಿಜ್ಞಾನಿಗಳು ಹೇಳುತ್ತಾರೆ. ಆ ಬರಹವಾದರೂ ಎಲ್ಲ ಕಾಲಕ್ಕೂ ಒಂದೇ ಫಲವನ್ನು ಕೊಡುತ್ತದೆಯೆ? ಈ ಪ್ರಶ್ನೆಗೆ ಐಸ್ಲೆಂಡಿನ ಕೆಲವು ಮನೆತನಗಳ ಚರಿತ್ರೆ ವಿಚಿತ್ರವಾದ ಉತ್ತರವನ್ನಿತ್ತಿದೆ.

ಮೆದುಳಿನಲ್ಲಿ ರಕ್ತನಾಳ ಒಡೆದು ಸಾಯುವುದು ಸಾಮಾನ್ಯವಾಗಿ ವೃದ್ಧರ ಪಾಡು. ಆದರೆ ಐಸ್ಲೆಂಡಿನ ಕೆಲವು ಮನೆತನಗಳಲ್ಲಿ ರಕ್ತದ ಒತ್ತಡವೂ ಇಲ್ಲದ ಗಟ್ಟಿಮುಟ್ಟಾದ ತರುಣ ತರುಣಿಯರು ಹಾಗೆ ಸಾಯುತ್ತಿದ್ದರು. ಇದು ವಂಶಪಾರಂಪರ್ಯವಾಗಿ ಬರುವ ರೋಗವೆಂದು ಆರ್ನಿ ಆರ್ನಾಸನ್ ಎಂಬ ವೈದ್ಯರು 1935ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಬಂಧ ಬರೆದರು. ಇಂಥವರ ರಕ್ತನಾಳಗಳ ಗೋಡೆಯಲ್ಲಿ ಅಮಿಲಾಯ್ಡ್ ಎಂಬ ಪದಾರ್ಥ ಕಟ್ಟಿಕೊಂಡಿರುತ್ತದೆಂದು 1972ರಲ್ಲಿ ಪ್ರಕಟವಾಯಿತು. ಅದರ ಮೂಲ ಸಿಸ್ಟಾಟಿನ್ ಸಿ ಎಂಬ ಪ್ರೋಟೀನು. 120 ಕೊಂಡಿಗಳ ಆ ಸರಪಳಿಯಲ್ಲಿ 68ನೆಯ ಕೊಂಡಿಯೊಂದು ಬದಲಾಗಿರುತ್ತದೆ, ಅಷ್ಟೆ. ನನ್ನಂಥ ಕನ್ನಡ ಮೇಷ್ಟರಿಗೆ ಇದು ಓಲೆಗರಿಯಲ್ಲಿ ಲಿಪಿಕಾರನ ಕೈತಪ್ಪಿನಂತೆ ಕಾಣುತ್ತದೆ. ಒಮ್ಮೆ ನುಸುಳಿದ ತಪ್ಪು ಮುಂದಿನ ಪ್ರತಿಗಳಿಗೂ ಇಳಿಯುತ್ತದೆ.

ಐಸ್ಲೆಂಡಿನವರಿಗೆ ವಂಶಾವಳಿಯ ಮೋಹ ಹಳೆಯದು. 1703ರಲ್ಲಿಯೇ ಅಲ್ಲಿ ಪ್ರತಿಯೊಬ್ಬರ ಹೆಸರು ಹಿಡಿದು ಜನಗಣತಿ ನಡೆಸಿದ್ದರು. ಇಂಥ ವಂಶಾವಳಿಗಳನ್ನೂ ರೋಗಿಗಳ ವಂಶವಾಹಿಗಳನ್ನೂ ಕೂಡಿಸಿ ನೋಡಿದ ಸಂಶೋಧಕರು, ಈ ದೋಷವೆಲ್ಲವೂ ಸುಮಾರು 18 ತಲೆಮಾರುಗಳ ಹಿಂದಿನ ಒಂದೇ ಜೀವದಿಂದ ಬಂದುದೆಂದು 2008ರಲ್ಲಿ ಪ್ರಕಟಿಸಿದರು.

ಹಾಗಾದರೆ ಆ ಮೂಲದಿಂದ ಇಂದಿನ ರೋಗಿಯವರೆಗೆ ನಡುವೆ ಬಂದ ಪ್ರತಿಯೊಬ್ಬರಲ್ಲಿಯೂ ಈ ದೋಷ ಇದ್ದಿರಲೇಬೇಕು. ಅವರೆಲ್ಲ ಎಷ್ಟು ವರ್ಷ ಬದುಕಿದರೆಂದು ಲೆಕ್ಕ ಹಾಕಿದಾಗ ಕಂಡುದೇ ಸೋಜಿಗ. 19ನೆಯ ಶತಮಾನದ ಆರಂಭದವರೆಗೆ ಹುಟ್ಟಿದವರು ಸರಾಸರಿ 65 ವರ್ಷ ಬದುಕಿದ್ದರು! 1825ರಿಂದ 1900ರೊಳಗೆ ಹುಟ್ಟಿದವರಲ್ಲಿ ಆಯುಸ್ಸು ಇಳಿಯುತ್ತ ಇಳಿಯುತ್ತ 30ಕ್ಕೆ ಬಂದು ನಿಂತಿತು. ಅದೇ ಮನೆಯಲ್ಲಿ ಅದೇ ಅಡುಗೆ ಉಂಡ ಗಂಡನೋ ಹೆಂಡತಿಯೋ, ದೋಷವಿಲ್ಲದವರು, ಹೀಗೆ ಸಾಯಲಿಲ್ಲ. ಮುತ್ತಜ್ಜಿ ಮೊಮ್ಮಕ್ಕಳನ್ನು ಆಡಿಸಿದಳು. ಅವಳದೇ ಬರಹವನ್ನು ಹೊತ್ತ ಮರಿಮಗಳು ತೊಟ್ಟಿಲ ಕೂಸನ್ನು ಬಿಟ್ಟು ಹೋದಳು. ಬರಹ ಬದಲಾಗಿರಲಿಲ್ಲ.

ಬದಲಾದುದು ಬಾಳುವೆ. ಹಿಂದೆ ಅಲ್ಲಿ ದವಸ ಅಪರೂಪ. ಒಣಮೀನಿಗೆ ಬೆಣ್ಣೆ ಸವರಿಕೊಂಡರೆ ಅದೇ ರೊಟ್ಟಿ. ಸುತ್ತಲೂ ಕಡಲಿದ್ದರೂ ನೀರು ಕಾಯಿಸಿ ಉಪ್ಪು ತೆಗೆಯಲು ಸೌದೆಯಿಲ್ಲ. ಆದುದರಿಂದ ಮಾಂಸವನ್ನು ಹಾಲೊಡೆದ ಹುಳಿನೀರಿನಲ್ಲಿ ಅದ್ದಿಟ್ಟು ಚಳಿಗಾಲವನ್ನು ಕಳೆಯುತ್ತಿದ್ದರು. 1602ರಿಂದ ಅಲ್ಲಿನ ವ್ಯಾಪಾರವೆಲ್ಲ ಡೆನ್ಮಾರ್ಕಿನ ಏಕಸ್ವಾಮ್ಯವಾಗಿತ್ತು. ಅದು 1787ರಲ್ಲಿ ಸಡಿಲವಾಗಿ, 1855ರಲ್ಲಿ ಎಲ್ಲ ದೇಶದ ವರ್ತಕರಿಗೂ ಬಾಗಿಲು ತೆರೆಯಿತು. ಹಡಗುಗಳಲ್ಲಿ ಹಿಟ್ಟು, ಸಕ್ಕರೆ, ಉಪ್ಪು ಬಂದಿಳಿದವು. ಸಕ್ಕರೆಯೇ ಕೊಂದಿತೆಂದು ತೀರ್ಪು ಕೊಡುವುದು ಅವಸರವಾದೀತು. ಸಂಶೋಧಕರೂ ಬಾಳುವೆಯ ಬದಲಾವಣೆಯತ್ತ ಬೆರಳು ತೋರಿಸಿದರೇ ಹೊರತು ಅಪರಾಧಿಯನ್ನು ಹೆಸರಿಸಲಿಲ್ಲ. ಅದೇ ಕಾಲದಿಂದ ಇನ್ನೊಂದು ವಿಷಮವೂ ತೋರಿತು: ತಂದೆಯಿಂದ ದೋಷ ಪಡೆದವರಿಗಿಂತ ತಾಯಿಯಿಂದ ಪಡೆದವರು ಒಂಬತ್ತು ವರ್ಷ ಮೊದಲೇ ಸಾಯತೊಡಗಿದರು.

ಹೊರಗಿನ ಯಾವುದೋ ಒಂದು ಆಯುಸ್ಸನ್ನು ಇಳಿಸಿತೆಂದರೆ, ಹೊರಗಿನದೇ ಇನ್ನೊಂದು ಅದನ್ನು ಏರಿಸಲೂಬಹುದಲ್ಲವೆ? ಕಫ ಕರಗಿಸಲು ವೈದ್ಯರು ಬಹುಕಾಲದಿಂದ ಕೊಡುತ್ತಿರುವ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಅಗ್ಗದ ಔಷಧವನ್ನು ಈ ಮನೆತನಗಳವರಿಗೆ ಕೊಟ್ಟು ನೋಡಿದ ಪರೀಕ್ಷೆಯ ವರದಿ 2021ರಲ್ಲಿ ಬಂದಿತು. ಆರು ಮಂದಿಯಲ್ಲಿ ಐದು ಮಂದಿಯ ಚರ್ಮದಲ್ಲಿ ಆ ಪ್ರೋಟೀನಿನ ಗಂಟುಗಳು ಅರ್ಧಕ್ಕೂ ಹೆಚ್ಚು ಕರಗಿದ್ದವು.